ಬುಲೆಟ್ ಅಂದ್ರೆ ಹಂಗೇನಾ?

ಮೊದಲೇ ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಲ್ಲಿವರೆಗೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಒಂದೇ ಸಲಕ್ಕೆ ಮೂರು ಪುಟ ಬರೆದಿದ್ದು ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲೇ ಕೊನೆ. ಒತ್ತಕ್ಷರ ತಪ್ಪಿದ್ರೆ ಸಂಪಾದಕಿ ಅಕ್ಕ ತಿದ್ದುತ್ತಾರೆ ಅನ್ನೋ ಧೈರ್ಯದ ಮೇಲೆ ಬರೀತಿದೀನಿ. ಹೋದ ಸಂಚಿಕೆಗೆ ಕೇಳಿದಾಗ ಇಂಟರ್ನಲ್ಸ್ ಇದೆ ಅಂತ ತಪ್ಪಿಸಿಕೊಂಡಿದ್ದೆ. ಈ ಸಲ ನಾನಾಗಿಯೇ ಕೇಳಿ ಬರೀತಿರೋದಕ್ಕೆ ಕಾರಣ ಕನ್ನಡಾಭಿಮಾನ ಅಂದ್ರೆ ಸುಳ್ಳಾಗುತ್ತೆ. ಕಾರಣ ಸಿಟ್ಟು. ಅದೂ ಒಂದೇ ಒಂದು ವಾಕ್ಯದ ಮೇಲೆ.

"ಬುಲೆಟ್ ಅಂದ್ರೆ ಹಂಗೇ ಬಿಡಪ್ಪ."

ನಮ್ಮಪ್ಪನ ಹತ್ರ ಇರೋದು ಹದಿನೇಳು ವರ್ಷದ ಹಳೇ ಕ್ರೂಸರ್ ಬೈಕು. ಒಂದೇ ಸಿಲಿಂಡರ್, 350 ಸಿಸಿ, ಅಗಲವಾದ ಹ್ಯಾಂಡಲ್, ಕಾಲು ಮುಂದಕ್ಕೆ ಚಾಚಿ ಕೂರೋ ಸೀಟು. ಕಂಪನಿ ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ನಮ್ಮ ಕೋಲಾರದ ಕಡೆ ಇಂಥ ಗಾಡಿ ಯಾವುದೇ ಇರಲಿ, ದಪ್ಪ ಟ್ಯಾಂಕು, ಡುಗ್ಗು ಡುಗ್ಗು ಸದ್ದು ಇದ್ರೆ ಸಾಕು, ಅದರ ಹೆಸರು ಬುಲೆಟ್ಟೇ. ಮನೆ ಶ್ರೀನಿವಾಸಪುರದಲ್ಲಿ. ಗೊಬ್ಬರ, ಔಷಧಿ ಅಂಗಡಿಗಳಿಗೆ ಹೋಗಿ ಮಾಲಿನ ಆರ್ಡರ್ ತಗೊಳ್ಳೋದು ಅಪ್ಪನ ಕೆಲಸ. ಸೋಮವಾರ ಮಾಲೂರು, ಮಂಗಳವಾರ ಮುಳಬಾಗಿಲು, ಆಮೇಲೆ ಎರಡು ದಿನ ಕೋಲಾರ, ಉಳಿದಿದ್ದು ಶ್ರೀನಿವಾಸಪುರದ ಸುತ್ತಮುತ್ತಲ ಹಳ್ಳಿಗಳು. ಮಾಲೂರಿನ ದಿನ ಹೋಗಿಬರೋದು ನೂರು ಕಿಲೋಮೀಟರ್ ದಾಟುತ್ತೆ.

ಹೋದ ಯುಗಾದಿ ಆದಮೇಲೆ ಒಂದು ಸಂಜೆ ಅಪ್ಪ ಮಾಲೂರಿಂದ ಬಂದು ಕೂತರು. ಅಮ್ಮ ಕಾಫಿ ಕೊಟ್ಟರು. ಲೋಟ ಹಿಡಿದ ಕೈಯಿಂದ ಲೋಟ ಜಾರಿ ಬಿತ್ತು. ಅಪ್ಪ ನಕ್ಕರು. "ಬೆರಳು ಜೋಮು ಹಿಡ್ದಿದೆ, ಒಂದು ಗಂಟೆ ಆದ್ರೆ ಸರಿಹೋಗುತ್ತೆ" ಅಂದ್ರು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದ್ರೆ ಆರು ತಿಂಗಳು. ನಮಗೆ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರಿಗೆಲ್ಲ ಗೊತ್ತಿದ್ದದ್ದು ಆ ಒಂದೇ ವಾಕ್ಯ. ಅಪ್ಪನ ಫ್ರೆಂಡ್ಸು, ಪೆಟ್ರೋಲ್ ಬಂಕಿನವರು, ಚಿಕ್ಕಪ್ಪ, ಎಲ್ಲರೂ ಅದನ್ನೇ ಹೇಳಿದ್ರು. ನಾನೂ ಹೇಳಿದ್ದೆ, ಹಿಂದೊಂದು ಸಲ.

ಅಮ್ಮ ಮಾತ್ರ ನಗಲಿಲ್ಲ. ಅಮ್ಮನ ಅಪ್ಪ, ಅಂದ್ರೆ ನಮ್ಮ ತಾತ, ಟೇಕಲ್ ಹತ್ತಿರ ಕಲ್ಲು ಕ್ವಾರಿಗಳಲ್ಲಿ ಇಪ್ಪತ್ತು ವರ್ಷ ಜ್ಯಾಕ್‌ಹ್ಯಾಮರ್ ಹಿಡಿದವರು. ಡಿಸೆಂಬರ್ ಚಳಿಗೆ ಅವರ ಬೆರಳ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗ್ತಿತ್ತು. ಅಂಗಿ ಗುಂಡಿ ಹಾಕ್ಕೊಳ್ಳೋಕೆ ಅಜ್ಜಿ ಬೇಕಿತ್ತು. ಇದು ನಮ್ಮ ತಾತನ ಒಬ್ಬರ ಕಥೆ ಅಲ್ಲ ಅಂತ ಈಗ ಓದಿ ತಿಳ್ಕೊಂಡೆ. 1918ರಷ್ಟು ಹಿಂದೆಯೇ ಆಲಿಸ್ ಹ್ಯಾಮಿಲ್ಟನ್ ಅನ್ನೋ ಅಮೆರಿಕದ ಡಾಕ್ಟರಮ್ಮ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್ ಊರಿನ ಕಲ್ಲು ಕೆಲಸದವರನ್ನು ಪರೀಕ್ಷೆ ಮಾಡಿ, ಗಾಳಿ ಸುತ್ತಿಗೆ ಹಿಡಿಯೋರ ಬೆರಳು ಹೀಗೆ ಬೆಳ್ಳಗೆ ಸತ್ತಂತಾಗೋದನ್ನ ದಾಖಲು ಮಾಡಿದ್ರು. ಬೈಕು ಜ್ಯಾಕ್‌ಹ್ಯಾಮರ್ ಅಲ್ಲ, ನಿಜ. ಆದ್ರೆ ಅಮ್ಮನಿಗೆ ಕಂಡದ್ದು ತಾತನ ಕೈ. "ಮಾರಿಬಿಡಿ" ಅಂದ್ರು. ಅಪ್ಪ "ಬುಲೆಟ್ ಅಂದ್ರೆ ಹಂಗೇ" ಅಂದ್ರು. ಮನೆಯಲ್ಲಿ ಎರಡು ಪಾರ್ಟಿ ಆಯ್ತು. ನಾನು ಮೆಕ್ಯಾನಿಕಲ್ ಬ್ರಾಂಚ್ ಅನ್ನೋ ಕಾರಣಕ್ಕೆ ಇಬ್ಬರೂ ನನ್ನ ಕಡೆ ತಿರುಗಿದ್ರು.

ನಿಜ ಹೇಳ್ಬೇಕು ಅಂದ್ರೆ ನನಗೇನೂ ಗೊತ್ತಿರಲಿಲ್ಲ. ಎರಡನೇ ವರ್ಷಕ್ಕೆ ಬಂದಿದ್ರೂ ಒಂದು ಇಂಜಿನ್ ಯಾಕೆ ಅದುರುತ್ತೆ ಅಂತ ಹೇಳೋಕೆ ಬರ್ತಿರಲಿಲ್ಲ. ಸೀನಿಯರ್ ಹತ್ರ ನೋಟ್ಸ್ ಇಸ್ಕೊಂಡು ಓದಿದೆ. ಒಂದು ಸಣ್ಣ ಲೆಕ್ಕ ಇದೆ, ಸಿವಿಲ್‌ನವರೂ ಸಿಎಸ್‌ನವರೂ ದಯವಿಟ್ಟು ಓಡಿಹೋಗ್ಬೇಡಿ.

ಹಳೇ ಬುಲೆಟ್ 350ರಲ್ಲಿ ಪಿಸ್ಟನ್ ಅಗಲ 70 ಎಂಎಂ, ಅದು ಮೇಲಿಂದ ಕೆಳಕ್ಕೆ ಓಡೋ ದೂರ 90 ಎಂಎಂ. ಅಗಲಕ್ಕಿಂತ ಓಟ ಉದ್ದ. ಪಿಸ್ಟನ್, ಅದರ ಪಿನ್ನು, ಕನೆಕ್ಟಿಂಗ್ ರಾಡಿನ ಮೇಲಿನ ಭಾಗ ಎಲ್ಲ ಸೇರಿ 400 ಗ್ರಾಂ ಅಂತ ಅಂದಾಜಿಗೆ ಇಟ್ಕೊಳ್ಳಿ. ಇಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತುವಾಗ, ಆ ಪಿಸ್ಟನ್ನನ್ನು ತುದಿಯಲ್ಲಿ ನಿಲ್ಲಿಸಿ ವಾಪಸ್ ಎಳೆಯೋಕೆ ಬೇಕಾದ ಬಲ ಸುಮಾರು 180 ಕಿಲೋ ತೂಕದಷ್ಟು. ನಮ್ಮ ಕೋಲಾರದ ಎಪಿಎಂಸಿ ಭಾಷೆಯಲ್ಲಿ ಹೇಳೋದಾದ್ರೆ, 15 ಕಿಲೋದ ಟೊಮೆಟೊ ಬಾಕ್ಸ್ ಹನ್ನೆರಡು. 4000 ಸುತ್ತಿಗೆ ಹೋದ್ರೆ ಅದು 320 ಕಿಲೋ ಆಗುತ್ತೆ, ಅಂದ್ರೆ ಇಪ್ಪತ್ತೊಂದು ಬಾಕ್ಸ್. ಸುತ್ತು ಹೆಚ್ಚಿದ್ದು ಮೂರನೇ ಒಂದು ಪಾಲು, ಬಲ ಹೆಚ್ಚಿದ್ದು ಮುಕ್ಕಾಲು ಪಾಲಿಗಿಂತ ಜಾಸ್ತಿ. ಯಾಕಂದ್ರೆ ಇದು ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. ಅದೇ ಗೇರಿನಲ್ಲಿ 60ರಿಂದ 80ಕ್ಕೆ ಹೋದಾಗ ಆಗೋದು ಇದೇ. ಇಪ್ಪತ್ತೊಂದು ಬಾಕ್ಸ್ ಟೊಮೆಟೊನ ಒಂದು ಸೆಕೆಂಡಿಗೆ ಅರವತ್ತೇಳು ಸಲ ಮೇಲಕ್ಕೂ ಕೆಳಕ್ಕೂ ಎಸೆದ ಹಾಗೆ, ಅದೂ ನಿಮ್ಮ ಮಂಡಿಗಳ ಮಧ್ಯೆ.

ಇದನ್ನ ಸರಿದೂಗಿಸೋಕೆ ಕ್ರ್ಯಾಂಕಿಗೆ ಎದುರು ತೂಕ ಕೊಟ್ಟಿರ್ತಾರೆ. ಆದ್ರೆ ಪಿಸ್ಟನ್ ಹೋಗೋದು ಮೇಲೆ ಕೆಳಗೆ, ತೂಕ ತಿರುಗೋದು ಸುತ್ತ. ಪಿಸ್ಟನ್ನಿಗೆ ಪೂರ್ತಿ ಸಮ ಆಗೋಷ್ಟು ತೂಕ ಹಾಕಿದ್ರೆ ಮೇಲೆ ಕೆಳಗಿನ ಕುಲುಕಾಟ ನಿಂತು, ಅಷ್ಟೇ ಬಲ ಹಿಂದೆ ಮುಂದೆ ಕುಲುಕೋಕೆ ಶುರುವಾಗುತ್ತೆ. ಹಾಗಾಗಿ ಅರ್ಧದ ಆಸುಪಾಸಿಗೆ ನಿಲ್ಲಿಸ್ತಾರೆ. ಅಲ್ಲಿಗೆ ಅದು ರಾಜಿ. ಒಂದೇ ಸಿಲಿಂಡರಿನ ಹಳೇ ಇಂಜಿನ್ ಪೂರ್ತಿ ನುಣುಪಾಗಿ ಓಡೋದೇ ಇಲ್ಲ. ಅಲ್ಲಿವರೆಗೂ "ಹಂಗೇ" ಅನ್ನೋರ ಮಾತು ಸರಿ.

ಆದ್ರೆ ಎಷ್ಟು ಅನ್ನೋದೇ ಪ್ರಶ್ನೆ. ಎನ್‌ಫೀಲ್ಡ್ ಕಂಪನಿ ಮದ್ರಾಸಿನಲ್ಲಿ ಶುರುವಾಗಿದ್ದು 1955ರಲ್ಲಿ. ಅಲ್ಲಿಂದ 2020ರವರೆಗೂ ಅವರ 350ರಲ್ಲಿ ಬ್ಯಾಲೆನ್ಸರ್ ಶಾಫ್ಟ್ ಇರಲಿಲ್ಲ. ಬ್ಯಾಲೆನ್ಸರ್ ಅಂದ್ರೆ ಕ್ರ್ಯಾಂಕಿಗೆ ವಿರುದ್ಧ ದಿಕ್ಕಿನಲ್ಲಿ ಅದೇ ವೇಗಕ್ಕೆ ತಿರುಗೋ ಇನ್ನೊಂದು ತೂಕದ ಶಾಫ್ಟು. ಮೇಲೆ ಹೇಳಿದ ಆ ಹಿಂದೆ ಮುಂದಿನ ಕುಲುಕಾಟವನ್ನು ಅದು ಹೊಡೆದುಹಾಕುತ್ತೆ. 2020ರ ನವೆಂಬರ್‌ನಲ್ಲಿ ಮೀಟಿಯರ್ ಬಂತು, ಅದರ ಜತೆ ಬ್ಯಾಲೆನ್ಸರೂ ಬಂತು. ಪಿಸ್ಟನ್ ಓಟವನ್ನೂ 85.8 ಎಂಎಂಗೆ ಇಳಿಸಿದ್ರು. ಮುಂದಿನ ವರ್ಷ ಕ್ಲಾಸಿಕ್‌ಗೂ ಅದೇ ಇಂಜಿನ್. ನಮ್ಮ ಹಾಸ್ಟೆಲ್‌ನಲ್ಲಿ "ಹೊಸದರಲ್ಲಿ ಜೀವ ಇಲ್ಲ ಮಗಾ" ಅನ್ನೋರು ತುಂಬಾ ಜನ ಇದ್ದಾರೆ. ಅವರಿಗೆ ನನ್ನ ಪ್ರಶ್ನೆ ಇಷ್ಟೇ. ಬುಲೆಟ್ ಮಾಡೋರೇ ಬುಲೆಟ್ ಅಂದ್ರೆ ಹಂಗೇ ಇರಬೇಕು ಅಂತ ನಂಬಲಿಲ್ಲ, ನೀವ್ಯಾಕೆ ನಂಬ್ತೀರಿ?

ಹಳೇ ಗಾಡಿ ಇರೋರಿಗೆ ಬ್ಯಾಲೆನ್ಸರ್ ಹಾಕ್ಸೋಕೆ ಆಗಲ್ಲ. ಹಾಗಾದ್ರೆ ಏನು ಮಾಡೋದು? ಇಲ್ಲಿ ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದವರು ಮುಂದಿನ ಸಂಚಿಕೆಗೆ ಬರೀರಿ. ಹುಟ್ಟಿನಿಂದ ಬಂದ ನಡುಕ ಬೇರೆ, ಆಮೇಲೆ ಸೇರಿಕೊಂಡ ನಡುಕ ಬೇರೆ. ನಮ್ಮ ತಪ್ಪು ಏನಂದ್ರೆ ಮೊದಲನೆಯದರ ಹೆಸರು ಹೇಳಿ ಎರಡನೆಯದನ್ನ ಸಾಕ್ಕೊಂಡು ಇರ್ತೀವಿ. ಹೋದ ವರ್ಷ ಇಲ್ಲದ್ದು ಈ ವರ್ಷ ಬಂದಿದೆ ಅಂದ್ರೆ ಅದು ಬುಲೆಟ್ಟಿನ ಗುಣ ಹೇಗಾಗುತ್ತೆ? ಗಾಡಿ ಎಲ್ಲೋ ಸಡಿಲಾಗಿದೆ, ಸವೆದಿದೆ ಅಂತ ಕೂಗ್ತಿದೆ ಅಷ್ಟೇ.

ಅಪ್ಪನ್ನ ಕೂರಿಸಿಕೊಂಡು ಒಂದೊಂದೇ ಕೇಳಿದೆ. ಮೊದಲು ಯಾವ ಸ್ಪೀಡಿಗೆ ಕೈಗೆ ಜುಮ್ ಅಂತಿತ್ತು? "ಎಪ್ಪತ್ತೈದು ದಾಟಿದ್ರೆ." ಈಗ? ಸ್ವಲ್ಪ ಯೋಚನೆ ಮಾಡಿ "ಐವತ್ತೈದಕ್ಕೇ ಶುರುವಾಗುತ್ತೆ" ಅಂದ್ರು. ಈ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು, ಆದ್ರೆ ನನಗೆ ಆಗ ಹೊಳೀಲಿಲ್ಲ. ಯಾವ ವಸ್ತುವಿಗಾದ್ರೂ ಅದರದೇ ಒಂದು ತಾಳ ಇರುತ್ತೆ, ಆ ತಾಳಕ್ಕೆ ಇಂಜಿನ್ ಸರಿಯಾಗಿ ಕುಟ್ಟಿದಾಗ ಅದು ಜೋರಾಗಿ ಕುಣಿಯುತ್ತೆ. ಬಿಗಿಯಾಗಿದ್ರೆ ಆ ತಾಳ ಮೇಲಿರುತ್ತೆ, ಸಡಿಲಾದ್ರೆ ಕೆಳಗಿಳಿಯುತ್ತೆ. ಜುಮ್ ಅನ್ನೋ ಸ್ಪೀಡು ಎಪ್ಪತ್ತೈದರಿಂದ ಐವತ್ತೈದಕ್ಕೆ ಇಳಿದಿದೆ ಅಂದ್ರೆ ಎಲ್ಲೋ ಬಿಗಿ ಹೋಗಿದೆ ಅಂತಲೇ ಅರ್ಥ.

ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮುಳಬಾಗಿಲಿನ ಹತ್ತಿರ ಹೈವೇ ಪಕ್ಕದ ಖಾಲಿ ಸರ್ವಿಸ್ ರೋಡಿಗೆ ಹೋದ್ವಿ. ಇಲ್ಲಿ ಮಾಡಿದ್ದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಯಾರು ಬೇಕಾದ್ರೂ ಮಾಡಬಹುದು. ಐದನೇ ಗೇರಿನಲ್ಲಿ 60ಕ್ಕೆ ಹೋಗಿ ಕೈ, ಕಾಲು, ಸೀಟು ಮೂರನ್ನೂ ಗಮನಿಸೋದು. ಆಮೇಲೆ ನಾಲ್ಕನೇ ಗೇರಿನಲ್ಲಿ ಅದೇ 60. ಚಕ್ರ ತಿರುಗೋ ವೇಗ ಒಂದೇ, ಇಂಜಿನ್ ತಿರುಗೋ ವೇಗ ಮಾತ್ರ ಬೇರೆ. ನಡುಕ ಬದಲಾದ್ರೆ ಅದು ಇಂಜಿನ್ ಕಡೆಯದು. ಬದಲಾಗದೇ ಇದ್ರೆ ಚಕ್ರ, ಟೈರು, ಚೈನು ನೋಡ್ಬೇಕು. ಕೊನೆಗೆ ಅದೇ 60ರಲ್ಲಿ ಕ್ಲಚ್ ಹಿಡಿದು ಇಂಜಿನ್ನನ್ನ ಐಡಲ್‌ಗೆ ಬಿಡೋದು. ಆಗ ನಿಂತುಹೋಗೋದೆಲ್ಲ ಇಂಜಿನ್ನಿನದು, ಉಳಿಯೋದೆಲ್ಲ ರೋಡಿನ ಕಡೆಯದು. ಹಿಂದೆ ಮುಂದೆ ಗಾಡಿ ಇಲ್ಲದ ನೇರ ರೋಡಿನಲ್ಲಿ ಮಾತ್ರ ಮಾಡಿ, ಇಂಜಿನ್ ಆಫ್ ಮಾಡೋ ಸಾಹಸ ಬೇಡ.

ನಮಗೆ ಸಿಕ್ಕಿದ್ದು ಒಂದಲ್ಲ, ಎರಡು. ಕೈಗೆ ಬರ್ತಿದ್ದ ಸಣ್ಣ ಜುಮ್ ಗೇರ್ ಬದಲಾದಾಗ ಬದಲಾಯ್ತು, ಕ್ಲಚ್ ಹಿಡಿದಾಗ ಹೋಯ್ತು. ಕಾಲಿಗೆ ಬರ್ತಿದ್ದ ದಪ್ಪ ಕುಟ್ಟು ಏನು ಮಾಡಿದ್ರೂ ಹಾಗೇ ಇತ್ತು. ಇಷ್ಟು ದಿನ ಅಪ್ಪ ಎರಡನ್ನೂ ಒಂದೇ ಅಂದ್ಕೊಂಡು "ಬುಲೆಟ್" ಅಂತ ಹೆಸರಿಟ್ಟಿದ್ರು.

ಅಲ್ಲೇ ಮುಳಬಾಗಿಲಿನಲ್ಲಿ ದೋಸೆ ತಿಂದು (ಮುಳಬಾಗಿಲಿಗೆ ಹೋಗಿ ದೋಸೆ ತಿನ್ನದೇ ಬಂದ್ರೆ ಮನೆಯಲ್ಲಿ ಸೇರಿಸಲ್ಲ) ಹಳೇ ಬಸ್ ಸ್ಟ್ಯಾಂಡ್ ಕಡೆಯ ಒಬ್ಬ ಮೆಕ್ಯಾನಿಕ್ ಅಣ್ಣನ ಹತ್ರ ಹೋದ್ವಿ. ಅವರು ವೈಬ್ರೇಷನ್ ಅನ್ನಲ್ಲ. ಕನ್ನಡದವರು ಬಂದ್ರೆ "ಅದುರ್ತದೆ" ಅಂತಾರೆ, ತೆಲುಗಿನವರು ಬಂದ್ರೆ "ಅದುರ್ತಾ ಉಂದಿ" ಅಂತಾರೆ. ಎರಡು ಭಾಷೆಗೂ ಒಂದೇ ಪದ. ನಮ್ಮ ಟೆಕ್ಸ್ಟ್‌ಬುಕ್ಕಿನ 'ಕಂಪನ' ಪದವನ್ನ ಅವರ ಮುಂದೆ ಹೇಳಿದ್ರೆ "ಯಾವ್ ಕಂಪನಿ ಸಾರ್?" ಅಂದ್ರು. ಅವತ್ತಿಂದ ನಾನೂ ಅದುರು ಅಂತಲೇ ಅನ್ನೋದು.

ಚೈನ್ ಸುಲಭವಾಗಿ ಸಿಕ್ತು. ಹಿಂದಿನ ಚಕ್ರ ಎತ್ತಿ ನಿಧಾನಕ್ಕೆ ತಿರುಗಿಸಿದ್ರೆ ಒಂದು ಕಡೆ ಚೈನ್ ಜೋಲು, ಅರ್ಧ ಸುತ್ತಿಗೆ ಬಿಗಿ. ಅಂದ್ರೆ ಎಲ್ಲ ಕಡೆ ಒಂದೇ ಸಮ ಸವೆದಿಲ್ಲ. ಜೋಲು ಕಂಡ ಕಡೆ ನೋಡಿ ಟೈಟ್ ಮಾಡಿದ್ರೆ ಬಿಗಿ ಇರೋ ಕಡೆ ಬೇರಿಂಗು ಹಾಳು. ಹಿಂದಿನ ಹಬ್ ಒಳಗೆ ಇಂಜಿನ್ನಿನ ಎಳೆತ ತಡೆಯೋಕೆ ಇರೋ ರಬ್ಬರ್ ತುಂಡುಗಳು ಒಣಗಿದ ಕೊಬ್ಬರಿ ಥರ ಆಗಿ, ಬೆರಳಲ್ಲಿ ಮುರಿದ್ರೆ ಪುಡಿ. ಎರಡನ್ನೂ ಬದಲಾಯಿಸಿದ್ರು, ಕಾಲಿನ ಕುಟ್ಟು ಹೋಯ್ತು.

ಕೈಯ ಜುಮ್ ಹುಡುಕೋಕೆ ಟ್ಯಾಂಕ್ ಬಿಚ್ಚಬೇಕಾಯ್ತು. ಟ್ಯಾಂಕಿನ ಕೆಳಗೆ, ಇಂಜಿನ್ ಹೆಡ್ಡಿಂದ ಫ್ರೇಮಿಗೆ ಒಂದು ಸಣ್ಣ ಪಟ್ಟಿ ಇರುತ್ತೆ. ಇಂಜಿನ್ನಿನ ತಲೆ ಅಲ್ಲಾಡದ ಹಾಗೆ ಹಿಡ್ಕೊಳ್ಳೋದು ಅದರ ಕೆಲಸ. ಅಣ್ಣ ಆ ಪಟ್ಟಿಯನ್ನ ಹಿಡಿದು ಅಲ್ಲಾಡಿಸಿದ್ರು. ಅಲ್ಲಾಡ್ತು. ಬೋಲ್ಟ್ ಬಿಚ್ಚಿ ನನ್ನ ಕೈಗೆ ಕೊಟ್ಟು, "ಇಂಜಿನಿಯರ್ ಸಾಹೇಬ್ರೇ, ಹತ್ತು ಎಂಎಂ ತೂತಿಗೆ ಎಂಟು ಎಂಎಂ ಬೋಲ್ಟ್ ಯಾವ ಪುಣ್ಯಾತ್ಮ ಹಾಕವ್ನೆ?" ಅಂದ್ರು.

ಆ ಪುಣ್ಯಾತ್ಮ ನಾನೇ.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಇಂಜಿನ್ ಬಿಚ್ಚಿಸಿದ್ವಿ. ವಾಪಸ್ ಜೋಡಿಸುವಾಗ ಒಂದು ಬೋಲ್ಟ್ ಕಳೆದುಹೋಗಿತ್ತು. "ಹಾರ್ಡ್‌ವೇರ್ ಅಂಗಡಿಯಿಂದ ಇಂಥದ್ದೇ ಒಂದು ತಗೊಂಡ್ಬಾ" ಅಂತ ನನ್ನ ಕಳಿಸಿದ್ರು. ನಾನು ಅಳತೆ ತಗೊಳ್ಳದೆ ಹೋಗಿ, ನೋಡೋಕೆ ಅದೇ ಥರ ಇರೋದನ್ನ ತಂದುಕೊಟ್ಟೆ. ಹೋಯ್ತು, ಕೂತ್ಕೊಳ್ತು, ನಟ್ಟೂ ಬಿಗಿ ಆಯ್ತು. ಯಾರೂ ಕೇಳಲಿಲ್ಲ. ಆಮೇಲೆ ಅದುರು ಜಾಸ್ತಿ ಆಗಿದೆ ಅಂತ ಅಪ್ಪ ಒಂದು ಸಲ ಅಂದಾಗ, "ಬುಲೆಟ್ ಅಂದ್ರೆ ಹಂಗೇ ಅಲ್ವಾ ಅಪ್ಪ" ಅಂದವನೂ ನಾನೇ. ಈ ಲೇಖನದ ಸಿಟ್ಟಿನಲ್ಲಿ ಮುಕ್ಕಾಲು ಪಾಲು ನನ್ನ ಮೇಲೆಯೇ ಅನ್ನೋದು ಈಗ ನಿಮಗೆ ಗೊತ್ತಾಗಿರುತ್ತೆ.

ಎರಡು ಎಂಎಂ ಸಂದಿ ಅಷ್ಟು ದೊಡ್ಡ ವಿಷಯನಾ ಅಂತ ನನಗೂ ಅನ್ನಿಸಿತ್ತು. ಬೋಲ್ಟ್ ಅಂದ್ರೆ ಮೊಳೆ ಥರ ಅಡ್ಡ ನಿಂತು ತಡೆಯುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ. ಅದರ ನಿಜವಾದ ಕೆಲಸ ಎರಡು ತಗಡನ್ನ ಜಾರದ ಹಾಗೆ ಒತ್ತಿ ಹಿಡಿಯೋದು. ಬಿಗಿದಾಗ ಬೋಲ್ಟ್ ಕೂದಲೆಳೆಯಷ್ಟು ಉದ್ದ ಆಗುತ್ತೆ, ವಾಪಸ್ ಸಂಕುಚಿತ ಆಗೋಕೆ ನೋಡೋ ಆ ಎಳೆತದಿಂದಲೇ ಒತ್ತಡ ಬರೋದು. ಸಣ್ಣ ಬೋಲ್ಟಿಗೆ ಅಷ್ಟು ಎಳೆತ ತಡೆಯೋ ಶಕ್ತಿ ಇಲ್ಲ. ಒತ್ತಡ ಸಾಲದೇ ಪಟ್ಟಿ ಅಡ್ಡಡ್ಡ ಜಾರೋಕೆ ಶುರು ಮಾಡಿದ್ರೆ ನಟ್ ತಾನಾಗಿ ತಿರುಗಿ ಸಡಿಲಾಗುತ್ತೆ. 1969ರಲ್ಲಿ ಗೆರ್ಹಾರ್ಡ್ ಜಂಕರ್ ಅನ್ನೋ ಜರ್ಮನ್ ಇಂಜಿನಿಯರ್ ಇದನ್ನ ಪ್ರಯೋಗ ಮಾಡಿ ತೋರಿಸಿದ್ರು. ಉದ್ದುದ್ದ ಎಳೆಯೋ ಅದುರಿಗಿಂತ ಅಡ್ಡಡ್ಡ ಜಾರಿಸೋ ಅದುರು ಬೋಲ್ಟನ್ನ ಬೇಗ ಬಿಚ್ಚುತ್ತೆ. ನಮ್ಮ ಗಾಡಿಯಲ್ಲಿ ಆಗಿದ್ದು ಅದೇ. ಮೇಲಿನ ಪಟ್ಟಿ ಹಿಡಿತ ಬಿಡ್ತು, ಆ ಭಾರ ಮುಂದಿನ ಇಂಜಿನ್ ಪ್ಲೇಟಿನ ಬೋಲ್ಟುಗಳ ಮೇಲೆ ಬಿತ್ತು, ಅವೂ ಒಂದೊಂದಾಗಿ ಸಡಿಲಾದ್ವು. ಒಂದು ತೂತು ಆಗಲೇ ಮೊಟ್ಟೆ ಆಕಾರಕ್ಕೆ ಬಂದಿತ್ತು.

ಅಣ್ಣ ತೂತಿಗೆ ವೆಲ್ಡ್ ಹಾಕಿಸಿ ಮತ್ತೆ ಕೊರೆಸಿದ್ರು. ಇಂಜಿನ್ ಹಿಡಿದಿರೋ ಎಲ್ಲ ಬೋಲ್ಟನ್ನೂ ಮೊದಲು ಸಡಿಲ ಮಾಡಿ, ಇಂಜಿನ್ನನ್ನ ಅದರ ಜಾಗದಲ್ಲಿ ನೆಟ್ಟಗೆ ಕೂರಿಸಿ, ಆಮೇಲೆ ಸುತ್ತ ಸ್ವಲ್ಪ ಸ್ವಲ್ಪವೇ ಬಿಗಿದರು. ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದ್ರೆ ಇಂಜಿನ್ ಓರೆಯಾಗಿ ಕೂತುಬಿಡುತ್ತೆ. ಒಳಗೆ ನೈಲಾನ್ ಉಂಗುರ ಇರೋ ನಟ್ ಹಾಕಿದ್ರು. ಎಷ್ಟು ಬಿಗಿಬೇಕು ಅನ್ನೋದು ಮಾತ್ರ ಕೈ ಅಂದಾಜು. ನಮ್ಮ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ಫ್ಯಾಕ್ಟರಿ ಬಂದಿದ್ದು 2013ರಲ್ಲಿ, ಸುತ್ತ ಇನ್ನೂ ಎಷ್ಟೋ ಫ್ಯಾಕ್ಟರಿಗಳಿವೆ. ಅಲ್ಲಿ ಒಂದು ಕಡೆ ಕೆಲಸ ಮಾಡೋ ನಮ್ಮ ಬೀದಿಯ ಅಣ್ಣ ಹೇಳ್ತಿರ್ತಾರೆ, ಅಲ್ಲಿ ಪ್ರತಿ ಬೋಲ್ಟಿಗೂ ಇಷ್ಟೇ ಟಾರ್ಕ್ ಅಂತ ಲೆಕ್ಕ ಇದೆಯಂತೆ. ಅದೇ ಜಿಲ್ಲೆಯ ಈ ಗ್ಯಾರೇಜಿನಲ್ಲಿ ಒಂದು ಟಾರ್ಕ್ ರೆಂಚ್ ಇಲ್ಲ. ಅಣ್ಣನ ಕೈ ಅಂದಾಜು ಚೆನ್ನಾಗಿದೆ, ನಾನು ಗೌರವ ಕೊಡ್ತೀನಿ. ಆದ್ರೂ ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಧೂಳು ಹಿಡಿದು ಕೂತಿರೋ ಎರಡು ಟಾರ್ಕ್ ರೆಂಚ್ ನೆನಪಾಗಿ ಹೊಟ್ಟೆ ಉರೀತು.

ಬಿಗಿದಾದ ಮೇಲೆ ತಂಗಿಯ ಕೆಂಪು ನೇಲ್ ಪಾಲಿಶ್ ತಂದು ಪ್ರತಿ ನಟ್ಟಿನಿಂದ ಪ್ಲೇಟಿನ ಮೇಲೆ ಒಂದು ನೇರ ಗೆರೆ ಎಳೆದೆ. ನಟ್ ಕೂದಲಷ್ಟು ತಿರುಗಿದ್ರೂ ಗೆರೆ ಮುರಿಯುತ್ತೆ, ಸ್ಪ್ಯಾನರ್ ಇಲ್ಲದೇ ಗೊತ್ತಾಗುತ್ತೆ. ತಂಗಿ ಬಾಟಲಿಯ ದುಡ್ಡು ಇನ್ನೂ ಕೇಳ್ತಿದ್ದಾಳೆ.

ಈಗ ಅಂಗಡಿಗಳ ಕಥೆ. ಅದುರು ಅಂದ ತಕ್ಷಣ ನಮ್ಮ ಹುಡುಗರು ಮಾಡೋ ಮೊದಲ ಕೆಲಸ ಏನಾದ್ರೂ ಕೊಂಡು ಹಾಕೋದು. ದಪ್ಪ ಸ್ಪಂಜಿನ ಗ್ರಿಪ್, ಜೆಲ್ ಗ್ಲೌಸು, ಹ್ಯಾಂಡಲ್ ತುದಿಗೆ ಕಬ್ಬಿಣದ ತೂಕ. ತುದಿಯ ತೂಕಕ್ಕೆ ಅರ್ಥ ಇದೆ, ಅದು ಹ್ಯಾಂಡಲ್ಲಿನ ತಾಳವನ್ನ ಬದಲಾಯಿಸಿ ನಾವು ಜಾಸ್ತಿ ಓಡಿಸೋ ಸ್ಪೀಡಿನಿಂದ ಆಚೆ ತಳ್ಳುತ್ತೆ. ಸ್ಪಂಜ್ ಗ್ರಿಪ್ ಸಣ್ಣ ಜುಮ್ಮನ್ನ ಸ್ವಲ್ಪ ತಗ್ಗಿಸಬಹುದು, ಆದ್ರೆ ದಪ್ಪ ಆದಷ್ಟೂ ನಾವು ಗಟ್ಟಿಯಾಗಿ ಹಿಡೀತೀವಿ, ಗಟ್ಟಿಯಾಗಿ ಹಿಡಿದಷ್ಟೂ ಅದುರು ಕೈಗೆ ಜಾಸ್ತಿ ಇಳಿಯುತ್ತೆ. ಇವು ಯಾವುವೂ ತಪ್ಪಲ್ಲ. ನನ್ನ ತಕರಾರು ಅವುಗಳ ಸರದಿಯ ಬಗ್ಗೆ. ಬೋಲ್ಟ್ ನೋಡದೇ ಗ್ಲೌಸ್ ಹಾಕ್ಕೊಂಡ್ರೆ ಜ್ವರ ಬಂದಾಗ ಥರ್ಮಾಮೀಟರ್ ಒಡೆದುಹಾಕಿದ ಹಾಗೆ. ನಾವು ಮೊದಲೇ ಅಪ್ಪನಿಗೆ ಒಳ್ಳೆ ಗ್ಲೌಸ್ ಕೊಡಿಸಿದ್ದಿದ್ರೆ, ಕೈಗೆ ಗೊತ್ತಾಗದೇ ಆ ಪ್ಲೇಟು ಮುರಿಯೋವರೆಗೂ ಓಡಿಸ್ತಿದ್ರು.

ಓಡಿಸೋ ರೀತಿಯಲ್ಲೂ ಒಂದು ಗುಟ್ಟು ಸಿಕ್ತು. ಅಪ್ಪ ಮೈಲೇಜ್ ಗೋಸ್ಕರ ನಲವತ್ತಕ್ಕೇ ಐದನೇ ಗೇರ್ ಹಾಕ್ತಾರೆ. ಈ ಇಂಜಿನ್ ಎರಡು ಸುತ್ತಿಗೆ ಒಂದೇ ಸಲ ಉರಿಯುತ್ತೆ, ಸುತ್ತು ಕಮ್ಮಿ ಆದಷ್ಟೂ ಒಂದೊಂದು ಏಟೂ ಬೇರೆ ಬೇರೆಯಾಗಿ ಚೈನನ್ನ ಜಗ್ಗುತ್ತೆ. ಶ್ರೀನಿವಾಸಪುರದ ರೋಡಿನಲ್ಲಿ ಮಾವಿನ ಸೀಜನ್ ಲಾರಿಗಳ ಹಿಂದೆ ಹೋಗುವಾಗ ಒಂದು ಗೇರ್ ಇಳಿಸಿ ಅಂದೆ. ಒಂದು ವಾರ ಗೊಣಗಿದ್ರು, ಆಮೇಲೆ ಒಪ್ಪಿದ್ರು. ಮೈಲೇಜ್ ಕಮ್ಮಿ ಆಗಿದೆ ಅಂತ ಮಾತ್ರ ಹೇಳ್ತಾನೇ ಇರ್ತಾರೆ.

ಇಷ್ಟೆಲ್ಲ ಆದಮೇಲೆ ಜುಮ್ ಅನ್ನೋ ಸ್ಪೀಡು ಮತ್ತೆ ಎಪ್ಪತ್ತರ ಮೇಲಕ್ಕೆ ಹೋಯ್ತು. ಇಲ್ಲಿಗೆ ಲೇಖನ ಮುಗಿಸಿದ್ರೆ ನನ್ನ ಪಾರ್ಟಿ ಗೆದ್ದ ಹಾಗೆ ಇರುತ್ತೆ. ಆದ್ರೆ ಅಪ್ಪನ ಬೆರಳು ಪೂರ್ತಿ ಸರಿಹೋಗಿಲ್ಲ. ಕೋಲಾರದಲ್ಲಿ ಡಾಕ್ಟರಿಗೆ ತೋರಿಸಿದ್ವಿ. ಮಣಿಕಟ್ಟಿನಲ್ಲಿ ನರದ ಮೇಲೆ ಒತ್ತಡ ಬಿದ್ದಿದೆ, ಜತೆಗೆ ಶುಗರ್ ಬಾರ್ಡರ್‌ನಲ್ಲಿದೆ ಅಂದ್ರು. ಎಷ್ಟು ಬೈಕಿನಿಂದ, ಎಷ್ಟು ಶುಗರಿನಿಂದ ಅಂತ ಬಿಡಿಸಿ ಹೇಳೋಕೆ ಆಗಲ್ಲ, ಆದ್ರೆ ಅದುರು ಕಮ್ಮಿ ಆದಷ್ಟೂ ಒಳ್ಳೇದು ಅಂದ್ರು.

2021ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿ ಒಂದು ಎಚ್ಚರಿಕೆ ಪ್ರಕಟಿಸಿತ್ತು. ದೊಡ್ಡ ಇಂಜಿನ್ನಿನ ಬೈಕುಗಳ ಹ್ಯಾಂಡಲ್ಲಿಗೆ ಐಫೋನ್ ಸಿಕ್ಕಿಸಬೇಡಿ, ಅದುರಿಗೆ ಕ್ಯಾಮೆರಾ ಕೆಡಬಹುದು ಅಂತ. ನಮ್ಮ ಕ್ಲಾಸಿನಲ್ಲಿ ಬೈ��ು ಇರೋರಿಗೆಲ್ಲ ಇದು ಗೊತ್ತು, ಫೋನಿಗೆ ರಬ್ಬರ್ ಮೌಂಟ್ ಹಾಕ್ಕೊಂಡಿದ್ದಾರೆ. ಅದೇ ಹ್ಯಾಂಡಲ್ ಹಿಡಿದಿರೋ ಕೈ ಬಗ್ಗೆ ಕೇಳಿದ್ರೆ ನಗ್ತಾರೆ. ಯುರೋಪಿನಲ್ಲಿ 2002ರಲ್ಲೇ ಕೆಲಸಗಾರರ ಕೈಗೆ ಎಂಟು ಗಂಟೆಯ ಲೆಕ್ಕದಲ್ಲಿ ಎಷ್ಟು ಅದುರು ತಾಗಬಹುದು ಅಂತ ನಿಯಮ ಮಾಡಿದ್ದಾರೆ. 2.5 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ದಾಟಿದ್ರೆ ಮಾಲೀಕ ಕ್ರಮ ತಗೋಬೇಕು, 5 ದಾಟಲೇಬಾರದು. ಅದರಲ್ಲಿ ನನಗೆ ಇಷ್ಟ ಆಗಿದ್ದು ಅಂಕಿ ಅಲ್ಲ, ಗಂಟೆಯ ಲೆಕ್ಕ. ಅದುರು ಎಷ್ಟು ಅನ್ನೋದರ ಜತೆ ಎಷ್ಟು ಹೊತ್ತು ಅನ್ನೋದನ್ನೂ ಅವರು ಕೂಡಿಸ್ತಾರೆ. ಭಾನುವಾರ ಒಂದು ಗಂಟೆ ಅವಣಿ ಬೆಟ್ಟಕ್ಕೆ ಹೋಗಿಬರೋನಿಗೂ, ವಾರಕ್ಕೆ ಆರು ದಿನ ಮೂರು ಗಂಟೆ ಹ್ಯಾಂಡಲ್ ಹಿಡಿಯೋನಿಗೂ ಗಾಡಿ ಒಂದೇ ಇರಬಹುದು, ಕೈ ಒಂದೇ ಅಲ್ಲ. ಬುಲೆಟ್ಟಿನ ಅದುರು ಚಂದ ಅಂತ ರೀಲ್ಸ್ ಮಾಡೋರು ಬಹಳ ಮಟ್ಟಿಗೆ ಭಾನುವಾರದವರು.

ಹಾಗಾಗಿ ಈಗ ನಾನು ಎರಡೂ ಪಾರ್ಟಿ ಬಿಟ್ಟಿದೀನಿ. ಮಾರಬೇಡಿ ಅಂತ ಅಮ್ಮನಿಗೆ ಹೇಳ್ತೀನಿ, ದಿನಾ ಹೈವೇಗೆ ಇದನ್ನ ತಗೊಂಡು ಹೋಗಬೇಡಿ ಅಂತ ಅಪ್ಪನಿಗೆ ಹೇಳ್ತೀನಿ. ಇಬ್ಬರಿಗೂ ನನ್ನ ಮೇಲೆ ಸಿಟ್ಟು. ಹುಟ್ಟಿನಿಂದ ಬಂದ ನಡುಕ ಇನ್ನೂ ಅಲ್ಲೇ ಇದೆ, ಅದಕ್ಕೆ ಸ್ಪ್ಯಾನರಿನಲ್ಲಿ ಉತ್ತರ ಇಲ್ಲ. ಕಮ್ಮಿ ಸ್ಪೀಡು, ಅರ್ಧ ಗಂಟೆಗೊಂದು ಸಲ ಇಳಿದು ಕೈ ಕೊಡವೋದು, ಕಮ್ಮಿ ದಿನ, ಇಷ್ಟೇ. ಕೊನೆಗೆ ಅಮ್ಮ ರಾಜಿ ಮಾಡಿದ್ರು. ಮಾಲೂರಿನ ದಿನ ಬಸ್ಸು, ಉಳಿದ ದಿನ ಬೈಕು, ಅರವತ್ತು ದಾಟಂಗಿಲ್ಲ. ಮಾಲೂರಿನ ಅಂಗಡಿಯವರು "ಬುಲೆಟ್ ಎಲ್ಲಿ ಸಾರ್?" ಅಂತ ಕೇಳ್ತಾರಂತೆ, ಅಪ್ಪನಿಗೆ ಅದು ಇಷ್ಟ ಆಗಲ್ಲ. ಹೊಸ ಗಾಡಿ ತಗೊಳ್ಳೋ ಮಾತು ನನ್ನ ಫೀಸು ಕಟ್ಟಿ ಮುಗಿಯೋವರೆಗೂ ಇಲ್ಲ ಅಂತ ಹೇಳಿದ್ದಾರೆ. ಆ ಮಾತು ಬಂದಾಗ ನಾನು ಸುಮ್ಮನಾಗ್ತೀನಿ.

ಹೋದ ಮಂಗಳವಾರ ರಜೆಗೆ ಮನೆಯಲ್ಲಿದ್ದೆ. ಬೆಳಿಗ್ಗೆ ಅಪ್ಪ ಗಾಡಿ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಹಾಕಿ, ನಟ್ಟುಗಳ ಮೇಲಿನ ಕೆಂಪು ಗೆರೆ ಒಂದೊಂದೇ ನೋಡ್ತಿದ್ರು. "ಎಲ್ಲ ನೆಟ್ಟಗಿದೆ ಕಣೋ" ಅಂದ್ರು.

"ಕೈ ಹೇಗಿದೆ ಅಪ್ಪ?"

ಹೆಲ್ಮೆಟ್ ಬೆಲ್ಟ್ ಎಡಗೈಯಲ್ಲಿ ಹಾಕ್ಕೊಳ್ತಾ, "ಸಂಜೆ ಬಂದು ಹೇಳ್ತೀನಿ" ಅಂದು ಕಿಕ್ಕರ್ ಹೊಡೆದ್ರು.